ಕಾಡಂಚಿನ ಅಹವಾಲು ಕೇಳುವ ಹೊತ್ತು

2025ರ ಫೆಬ್ರುವರಿ 2ರಂದು ನಕ್ಸಲ್ ಸದಸ್ಯೆ ತೊಂಬಟ್ಟು ಲಕ್ಷ್ಮಿ ಉಡುಪಿಯಲ್ಲಿ ಶರಣಾದ ಬೆನ್ನಿಗೇ ಕರ್ನಾಟಕ ನಕ್ಸಲ್‌ಮುಕ್ತವಾಯಿತೆಂಬ ಘೋಷಣೆ ಹೊರಬಿತ್ತು. ಮೂಡುಬಿದಿರೆಯಿಂದ ನಾರಾವಿ, ಕುತ್ಲೂರಿನವರೆಗಿನ ಜನ ಎರಡು ದಶಕ ಕಾದಿದ್ದ ನೆಮ್ಮದಿಯಿದು. ಆದರೆ ಶಸ್ತ್ರ ಹಿಡಿದವರು ಇಲ್ಲಿ ನೆಲೆಯೂರಲು ಕಾರಣವಾದ ಕೊರತೆಗಳು ಇನ್ನೂ ತೀರಿಲ್ಲ. ಎಚ್ಚರ ಬೇಕಾಗಿರುವುದು ಈಗಲೇ.

2003ರ ನವೆಂಬರ್ 17ರಂದು ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಪೊಲೀಸರ ಗುಂಡಿಗೆ ನಕ್ಸಲ್ ಸದಸ್ಯೆಯರಾದ ಪಾರ್ವತಿ, ಹಾಜಿಮಾ ಬಲಿಯಾದಾಗಲೇ ಕರಾವಳಿಗೆ ನಕ್ಸಲರ ಗುಪ್ತ ಸಂಘಟನೆಯ ಇರವು ಗೊತ್ತಾದದ್ದು. ಅಷ್ಟರಲ್ಲಿ ಅದು ಕಾಡಿನ ಮನೆಗಳನ್ನು ತಲುಪಿಯಾಗಿತ್ತು. 600 ಚದರ ಕಿಲೋಮೀಟರ್ ವ್ಯಾಪ್ತಿಯ ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಒಕ್ಕಲೆಬ್ಬಿಸುತ್ತಾರೆಂಬ ಭಯ ಅಲ್ಲಿನ ಆದಿವಾಸಿ ಮಲೆಕುಡಿಯರನ್ನು ಕಾಡುತ್ತಿದ್ದ ಕಾಲವದು.

ಆ ಭಯವೇ ಸಂಘಟನೆಯ ಬಂಡವಾಳವಾಯಿತು. ಕೆಲವೇ ಜನರ ದಳ ಕತ್ತಲಾದ ಮೇಲೆ ಒಂಟಿ ಮನೆಗೆ ಬರುತ್ತಿತ್ತು. ಊಟ ಮಾಡಿ, ಅಕ್ಕಿ ಬೇಳೆ ಪಡೆದು, ಹಕ್ಕುಪತ್ರದ, ರಸ್ತೆಯ ಮಾತೆತ್ತಿ, ಕರಪತ್ರ ಕೊಟ್ಟು ಬೆಳಗಾಗುವ ಮೊದಲೇ ಜಾಗ ಬದಲಿಸುತ್ತಿತ್ತು. ನಿಜ ಹೆಸರು ಯಾರಿಗೂ ಗೊತ್ತಿರುತ್ತಿರಲಿಲ್ಲ. ಬಡವರ ಪರವೆಂದ ಇದೇ ಸಂಘಟನೆ ಮಾಹಿತಿದಾರರೆಂಬ ಶಂಕೆಯಲ್ಲಿ 2008ರಲ್ಲಿ ಸೀತಾನದಿಯ ಶಿಕ್ಷಕರೊಬ್ಬರನ್ನೂ 2011ರಲ್ಲಿ ಕಬ್ಬಿನಾಲೆಯ ನಿವಾಸಿಯೊಬ್ಬರನ್ನೂ ಕೊಂದಿತು. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಇತ್ತ ಸರ್ಕಾರದ ಅನುಮಾನವೂ ಅದೇ ಮನೆಗಳ ಮೇಲೆ ಬಿತ್ತು. ಕುತ್ಲೂರಿನ ಪತ್ರಿಕೋದ್ಯಮ ವಿದ್ಯಾರ್ಥಿ ಮತ್ತು ಅವರ ತಂದೆಯನ್ನು 2012ರಲ್ಲಿ ನಕ್ಸಲ್ ನಂಟಿನ ಆರೋಪದಲ್ಲಿ ಬಂಧಿಸಲಾಯಿತು. ನಿರ್ದೋಷಿಗಳೆಂಬ ತೀರ್ಪು ಬಂದದ್ದು 2021ರಲ್ಲಿ. ಒಂಬತ್ತು ವರ್ಷದ ಇಂಥ ಅಲೆದಾಟ ಇಡೀ ಊರಿನ ನಂಬಿಕೆಯನ್ನೇ ಅಲುಗಿಸುತ್ತದೆ.

ಶಾಂತವಾಯಿತೆಂದು ನಾವು ಹಿಂದೆಯೂ ಭಾವಿಸಿದ್ದೆವು. ದಳ ಕೇರಳದ ಕಾಡಿಗೆ ಸರಿದಿತ್ತು, ಅಷ್ಟೆ. 2024ರ ಮಾರ್ಚ್‌ನಲ್ಲಿ ಅದು ಸುಳ್ಯ, ಕಡಬದ ಕಾಡಂಚಿನ ಮನೆಗಳಲ್ಲಿ ಮತ್ತೆ ಕಾಣಿಸಿಕೊಂಡಿತು. ಜುಲೈನಲ್ಲಿ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಮತ್ತೊಮ್ಮೆ ಹೊರಬಿದ್ದು ಹಳೆಯ ಭಯ ಮರಳಿತು. ನವೆಂಬರ್ 18ರಂದು ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಹತನಾದದ್ದು ಹೆಬ್ರಿಯ ಪೀತಬೈಲಿನಲ್ಲಿ, ತನ್ನ ಹುಟ್ಟೂರಿನ ಆಸುಪಾಸಿನಲ್ಲೇ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕುತ್ಲೂರಿಗೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಉತ್ತಮ ಪ್ರವಾಸಿ ಗ್ರಾಮ ಪ್ರಶಸ್ತಿ ಬಂದಿತ್ತು. 2025ರ ಜನವರಿ 8ರಂದು ಮುಖ್ಯಮಂತ್ರಿಯೆದುರು ಶರಣಾದ ಆರು ನಕ್ಸಲರಲ್ಲಿ ಆ ಊರಿನ ಸುಂದರಿಯೂ ಇದ್ದರು. ಪ್ರಶಸ್ತಿಯಿಂದ ಊರಿಗೆ ಹೆಸರು ಬಂತು. ಊರ ಮಗಳು ಕಾಡು ಸೇರಿದ್ದೇಕೆ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ಗಮನಿಸಬೇಕಾದ ಸೂಚನೆಗಳು ಸ್ಪಷ್ಟ: ಕಾರಣ ತಿಳಿಸದೆ ತಿರಸ್ಕೃತವಾಗುವ ಅರಣ್ಯ ಹಕ್ಕಿನ ಅರ್ಜಿ, ಅರಣ್ಯ ಇಲಾಖೆಯ ತಕರಾರಿನಿಂದ ನಿಂತ ರಸ್ತೆ, ಒಲ್ಲದವರ ಮೇಲೆ ಪುನರ್ವಸತಿಯ ಒತ್ತಡ, ಶರಣಾದವರ ಮುಗಿಯದ ಮೊಕದ್ದಮೆ. 2006ರ ಅರಣ್ಯ ಹಕ್ಕು ಕಾಯ್ದೆ ರಾಷ್ಟ್ರೀಯ ಉದ್ಯಾನಕ್ಕೂ ಅನ್ವಯಿಸುತ್ತದೆ. ಹಕ್ಕು ನಿರ್ಣಯವಾಗುವ ತನಕ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ. ಬೆಳ್ತಂಗಡಿ, ಮೂಡುಬಿದಿರೆ, ಕಾರ್ಕಳದ ಆಡಳಿತ ಬಾಕಿ ಅರ್ಜಿಗಳನ್ನು ಗ್ರಾಮಸಭೆಯ ಮುಂದಿಟ್ಟು, ಗಡುವು ಹಾಕಿಕೊಂಡು ಇತ್ಯರ್ಥಪಡಿಸಲಿ. ರಾತ್ರಿ ಬಾಗಿಲು ತಟ್ಟುವವರು ಮತ್ತೆ ಬರುವ ಮೊದಲು ತಹಶೀಲ್ದಾರರು ಹಗಲಿನಲ್ಲೇ ಆ ಮನೆಗಳಿಗೆ ಹೋಗಬೇಕು.