ಬಯಲ ಚಿಗರೆಗೆ ಬಿಲ್ಲು ಹಿಡಿದವನ ಗಂಟುಮೂಟೆ

ಅಮೆರಿಕದ ವಯೋಮಿಂಗ್ ಸಂಸ್ಥಾನದಲ್ಲಿ ನೆಲೆಸಿರುವ ವಾಚಕರೊಬ್ಬರು ಈ ಅಂಕಣಕ್ಕೆ ಪತ್ರ ಬರೆದು, ಆಗಸ್ಟ್ ತಿಂಗಳ ನಡುವಿನಲ್ಲಿ ಆರಂಭವಾಗುವ ಬಿಲ್ಲುಬೇಟೆಗೆ ಯಾವ ಯಾವ ಸಲಕರಣೆಗಳನ್ನು ಕೊಳ್ಳಬೇಕೆಂದು ಕೇಳಿದ್ದಾರೆ. ಅಂಗಡಿಯ ಪಟ್ಟಿಯನ್ನು ನೋಡಿದರೆ ಆರು ತಿಂಗಳ ಸಂಬಳವೂ ಸಾಲದೆಂದು ಅವರ ದೂರು. ದೂರು ನ್ಯಾಯವಾದುದೇ. ಆದರೆ ಯಾವ ಮೃಗ, ಯಾವ ನೆಲ, ಯಾವ ಋತು ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳಿಕೊಂಡವನಿಗೆ ಆ ಪಟ್ಟಿಯ ಅರ್ಧಭಾಗ ತಾನಾಗಿಯೇ ಉದುರಿಹೋಗುತ್ತದೆ.

ಮೊದಲು ಮೃಗದ ಮಾತು. ಅಲ್ಲಿನ ಜನ ಇದನ್ನು 'ಆಂಟಿಲೋಪ್' ಎಂದು ಕರೆದರೂ ಇದು ನಮ್ಮ ಕೃಷ್ಣಮೃಗದ ಬಳಗಕ್ಕೆ ಸೇರಿದುದಲ್ಲ. ಇದರ ಹೆಸರು ಪ್ರಾಂಗ್‌ಹಾರ್ನ್; ಎಂದರೆ ಕವಲುಕೊಂಬಿನದು. ಈಗ ಬದುಕಿರುವ ಪ್ರಾಣಿಗಳಲ್ಲಿ ಇದಕ್ಕೆ ಹತ್ತಿರದ ನಂಟು ಜಿರಾಫೆ ಹಾಗೂ ಒಕಾಪಿಗಳದು. ಕೊಂಬಿನ ಮೇಲಿನ ಹೊದಿಕೆಯನ್ನು ಇದು ವರ್ಷಕ್ಕೊಮ್ಮೆ ಕಳಚುತ್ತದೆ. ಗಂಟೆಗೆ ಸುಮಾರು 55 ಮೈಲಿ ಓಡಬಲ್ಲದು. ಇಷ್ಟು ವೇಗವೇಕೆ? ಹಿಮಯುಗದ ಕೊನೆಯಲ್ಲಿ ಅಳಿದುಹೋದ ಚಿರತೆಯಂಥ ವೇಗದ ಬೇಟೆಪ್ರಾಣಿಗಳಿಂದ ತಪ್ಪಿಸಿಕೊಳ್ಳಲು ಬೆಳೆದ ಕಾಲುಗಳು ಇವೆಂದು ಅನೇಕ ವಿಜ್ಞಾನಿಗಳ ಅಭಿಪ್ರಾಯ. ಬೆನ್ನಟ್ಟಿದವು ಹೋದವು, ಓಟ ಉಳಿಯಿತು. ಅದರ ಕಣ್ಣುಗಳೋ ದೊಡ್ಡವು, ತಲೆಯ ಎರಡು ಬದಿಗೂ ಚಾಚಿಕೊಂಡವು. ಬೆನ್ನ ಹಿಂದಿನ ಒಂದಿಷ್ಟು ಕೋನವನ್ನುಳಿದು ಸುತ್ತಲೂ ಕಾಣುತ್ತದೆ. ಇಂಥ ಪ್ರಾಣಿ ಮರವಿಲ್ಲದ ಬಯಲಿನಲ್ಲಿ ನಿಂತಿರುವಾಗ ಬಿಲ್ಲು ಹಿಡಿದು ಇಪ್ಪತ್ತು ಗಜದ ಹತ್ತಿರಕ್ಕೆ ನಡೆದುಹೋಗುವೆನೆಂಬುದು ಬಹುಮಟ್ಟಿಗೆ ಹಗಲುಗನಸು.

ಆದುದರಿಂದ ಋತುವಿನ ಆರಂಭದ ಬೇಟೆ ನೀರಿನ ಬಳಿಯ ಬೇಟೆ. ಆಗಸ್ಟಿನ ಬಿಸಿಲಿನಲ್ಲಿ ಹಳ್ಳಕೊಳ್ಳಗಳು ಬತ್ತಿ, ದನಗಳಿಗೆಂದು ಗಾಳಿಯಂತ್ರದಿಂದ ತುಂಬಿಸುವ ತೊಟ್ಟಿಗಳಿಗೆ ಚಿಗರೆಗಳು ಬರುತ್ತವೆ. ನಮ್ಮ ಮಲೆನಾಡಿನ ಹಳೆಯ ಶಿಕಾರಿಗಳು 'ಮರಸು ಕೂರುವುದು' ಎನ್ನುತ್ತಿದ್ದರಲ್ಲ, ಇದೂ ಅದೇ. ಬಟ್ಟೆಯ ಗುಡಾರದ ಮರಸೇ ಮೊದಲನೆಯ ಖರ್ಚು. ಬಿಲ್ಲಿಗಿಂತ ಮೊದಲು ಇದಕ್ಕೆ ಹಣ ತೆಗೆದಿಡಿ. ಒಳಮೈ ಕಪ್ಪಾಗಿರಬೇಕು. ಬೆನ್ನ ಹಿಂದಿನ ಕಿಟಕಿಗಳೆಲ್ಲ ಮುಚ್ಚಿರಬೇಕು. ಹಿಂದಿನಿಂದ ಬೆಳಕು ಬಿದ್ದರೆ ಕೂತವನ ನೆರಳು ಗೊಂಬೆಯಾಟದ ಪರದೆಯ ಮೇಲಿನಂತೆ ಕುಣಿಯುತ್ತದೆ. ಒಳಗೆ ತೊಡಲು ಎಲೆಗಳ ಚಿತ್ರದ ದುಬಾರಿ ಉಡುಪು ಬೇಡ. ಮಾಸಿದ ಕಪ್ಪಂಗಿ ಸಾಕು. ಬಯಲಿನ ಗಾಳಿ ಬಲವಾದುದು. ಗೂಟ, ಹಗ್ಗ ಗಟ್ಟಿಯಾಗಿರಲಿ. ಸಾಧ್ಯವಾದರೆ ಬೇಟೆಗೆ ಹಲವು ದಿನಗಳ ಮೊದಲೇ, ಜಮೀನಿನ ಒಡೆಯನ ಅಪ್ಪಣೆ ಪಡೆದು, ಇದನ್ನು ನಿಲ್ಲಿಸಿ ಬರಬೇಕು. ಚಿಗರೆಗೆ ಹೊಸದೆಲ್ಲವೂ ಅನುಮಾನವೇ.

ಇನ್ನು ಬಿಲ್ಲು. 1911ರಲ್ಲಿ ಕ್ಯಾಲಿಫೋರ್ನಿಯದ ಕಾಡಿನಿಂದ ಹೊರಬಂದ ಯಾಹಿ ಜನಾಂಗದ ಕೊನೆಯವನಾದ ಇಶಿ ಎಂಬಾತನಿಂದ ಬಿಲ್ವಿದ್ಯೆ ಕಲಿತ ವೈದ್ಯ ಸ್ಯಾಕ್ಸ್‌ಟನ್ ಪೋಪ್ 1923ರಲ್ಲಿ ಪುಸ್ತಕ ಬರೆದ ಮೇಲೆ ಆ ದೇಶದಲ್ಲಿ ಬಿಲ್ಲುಬೇಟೆಗೆ ಹೊಸ ಜೀವ ಬಂದಿತು. ಹಾಲಿಸ್ ಅಲೆನ್ ಎಂಬಾತ 1969ರಲ್ಲಿ ಹಕ್ಕುಪತ್ರ ಪಡೆದ ಗಾಲಿಗಳ ಬಿಲ್ಲು, ಅಂದರೆ ಕಾಂಪೌಂಡ್ ಬಿಲ್ಲು, ಈಗ ಹೆಚ್ಚಿನವರ ಕೈಯಲ್ಲಿದೆ. ಪೂರ್ತಿ ಸೆಳೆದ ಮೇಲೆ ಇದರ ಭಾರ ಬಹುಪಾಲು ಇಳಿಯುವುದರಿಂದ, ಮೃಗ ತಲೆ ಬಗ್ಗಿಸಿದಾಗ ಸೆಳೆದು ಅದು ಸರಿಯಾಗಿ ತಿರುಗುವವರೆಗೆ ಕಾಯಬಹುದು. ಈ ಚಿಗರೆಗೆ ವಯೋಮಿಂಗ್ ನಿಯಮ ಕೇಳುವುದು ಕನಿಷ್ಠ 40 ಪೌಂಡಿನ ಸೆಳೆತ. 50 ಪೌಂಡಿನದು ಧಾರಾಳವಾಗಿ ಸಾಕು. ಕುಳಿತಲ್ಲೇ ತೋಳು ನಡುಗದೆ, ಬಿಲ್ಲನ್ನು ಆಕಾಶಕ್ಕೆತ್ತದೆ ಸೆಳೆಯಬಲ್ಲಷ್ಟೇ ತಮ್ಮ ಬಿಲ್ಲು. ಅದಕ್ಕೆ ಮೀರಿದುದು ಅಂಗಡಿಯವನ ಬಿಲ್ಲು.

ಬಾಣದ ವಿಷಯದಲ್ಲಿ ವೇಗದ ಮೋಹ ಬೇಡ. ಲೆಕ್ಕ ನೋಡಿ. ಸೆಕೆಂಡಿಗೆ 280 ಅಡಿ ಹಾರುವ ಬಾಣ 20 ಗಜ ಕ್ರಮಿಸಲು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. ಹೆದೆಯ ಸದ್ದಾದರೋ ಸೆಕೆಂಡಿಗೆ ಸುಮಾರು 1,100 ಅಡಿ ಓಡಿ ಬಹಳ ಮೊದಲೇ ಮುಟ್ಟುತ್ತದೆ. ಸದ್ದಿಗೂ ಬಾಣಕ್ಕೂ ನಡುವೆ ಚಿಗರೆಗೆ ಸಿಗುವ ಅವಧಿ 20 ಗಜದಲ್ಲಿ ಸುಮಾರು 0.16 ಸೆಕೆಂಡು, 40 ಗಜದಲ್ಲಿ ಅದರ ಎರಡರಷ್ಟು. ಅಷ್ಟರಲ್ಲಿ ಬೆದರಿದ ಮೃಗ ಮೈ ಕುಗ್ಗಿಸಿ ತಿರುಗಿರುತ್ತದೆ; ಎದೆಗೆಂದು ಬಿಟ್ಟ ಬಾಣ ಹೊಟ್ಟೆಗೆ ತಗುಲುತ್ತದೆ. ಬಿಲ್ಲು ಎಷ್ಟು ಬೆಲೆಯದಾದರೂ ಸದ್ದನ್ನು ಹಿಂದಿಕ್ಕಲಾರದು. ಮದ್ದು ಒಂದೇ: ದೂರವನ್ನು ಕಡಿಮೆ ಮಾಡುವುದು. ತುಸು ಭಾರವಾದ ಬಾಣ ಬಿಲ್ಲಿನ ಸದ್ದನ್ನೂ ತಗ್ಗಿಸುತ್ತದೆ, ಆಳಕ್ಕೂ ಇಳಿಯುತ್ತದೆ.

ಅಲಗು ಮುಂಗೈ ರೋಮ ಬೋಳಿಸುವಷ್ಟು ಹರಿತವಾಗಿರಬೇಕು. ತಗುಲಿದಾಗ ಬಿಚ್ಚಿಕೊಳ್ಳುವ ಅಲಗೂ ಉಂಟು, ಸ್ಥಿರವಾದುದೂ ಉಂಟು. ಕಿಟಕಿಯ ಬಲೆಬಟ್ಟೆಯ ಮೂಲಕ ಬಾಣ ಬಿಡುವವರು ಸ್ಥಿರ ಅಲಗನ್ನೇ ಆರಿಸತಕ್ಕದ್ದು. ಇನ್ನೊಂದು ಬಲೆಯಲ್ಲಿಯೇ ಬಿಚ್ಚಿಕೊಂಡೀತು. ಮತ್ತೊಂದು ಸೂಕ್ಷ್ಮವಿದೆ. ಕಣ್ಣಿನ ಗೆರೆ ಬಾಣದ ಗೆರೆಗಿಂತ ಮೇಲಿರುವುದರಿಂದ, ಗುರಿ ಸ್ಪಷ್ಟವಾಗಿ ಕಂಡರೂ ಬಾಣ ಕಿಟಕಿಯ ಅಂಚಿಗೆ ಬಡಿಯಬಹುದು. ಮನೆಯಲ್ಲಿಯೇ ಗುಡಾರ ಹಾಕಿ, ಅದೇ ಮಣೆಯ ಮೇಲೆ ಕುಳಿತು, ಅದೇ ಅಂಗಿ ತೊಟ್ಟು ಅಭ್ಯಾಸ ಮಾಡಬೇಕು.

ಬಯಲಿನಲ್ಲಿ ಕಣ್ಣಳತೆ ಮೋಸಮಾಡುತ್ತದೆ. ಹೋಲಿಕೆಗೆ ಒಂದು ಮರವೂ ಇಲ್ಲ. ದೂರ ಅಳೆಯುವ ಲೇಸರ್ ಯಂತ್ರವೊಂದಿರಲಿ. ಕುಳಿತೊಡನೆಯೇ ತೊಟ್ಟಿಯ ಎರಡು ಕೊನೆಗಳನ್ನೂ ನಾಲ್ಕು ಕಲ್ಲುಗಳನ್ನೂ ಅಳೆದು ನೆನಪಿಟ್ಟುಕೊಂಡರೆ ಮೃಗ ಬಂದಾಗ ಕೈಯಾಡಿಸಬೇಕಾಗಿಲ್ಲ. ಎಂಟು ಅಥವಾ ಹತ್ತು ಪಟ್ಟಿನ ದುರ್ಬೀನು ಬೇಕು. ಬಾಣ ಬಿಟ್ಟ ಮೇಲೆ ಮೃಗ ಎತ್ತ ಹೋಯಿತು, ಎಲ್ಲಿ ನಿಂತಿತು, ಎಲ್ಲಿ ಮಲಗಿತು ಎಂಬುದನ್ನು ತೋರಿಸುವುದು ಅದೇ. ಮಲಗಿದೊಡನೆ ಓಡಿಹೋಗಕೂಡದು, ಅರ್ಧ ಗಂಟೆಯಾದರೂ ತಾಳ್ಮೆ ಬೇಕು.

ಮಳೆ ಬಂದರೆ ಎಲ್ಲೆಲ್ಲಿಯೂ ನೀರು ನಿಂತು ತೊಟ್ಟಿಯ ಬಳಿ ಕೂತವನು ಪೆಚ್ಚಾಗುತ್ತಾನೆ. ಆಗ ತೆವಳುವುದೊಂದೇ ದಾರಿ. ಮೊಣಕಾಲಿಗೆ ದಪ್ಪ ಕವಚ, ಕೈಗೆ ತೊಗಲಿನ ಚೀಲ ಬೇಕು. ನಮ್ಮ ಬೇಲಿಗಳಲ್ಲಿ ಬೆಳೆದ ಪಾಪಾಸುಕಳ್ಳಿಯ ತವರು ಅಮೆರಿಕವೇ. ಅಲ್ಲಿನ ಬಯಲಿನಲ್ಲಿ ಅದರ ಬಳಗ ಹುಲ್ಲಿನ ನಡುವೆ ಅಡಗಿ ಕಾಯುತ್ತಿರುತ್ತದೆ. ಈ ಚಿಗರೆ ಮುಳ್ಳುತಂತಿಯನ್ನು ಹಾರುವುದು ಅಪರೂಪ, ಅಡಿಯಿಂದ ನುಸುಳುತ್ತದೆ. ಕೆಳಗಿನ ತಂತಿಗೆ ರೋಮ ಸಿಕ್ಕಿಕೊಂಡಿರುವ ಕಡೆ ಅದರ ದಾರಿಯೆಂದು ತಿಳಿಯಬಹುದು.

ಮರಸಿನೊಳಗೆ ಬೆಳಗಿನಿಂದ ಸಂಜೆಯವರೆಗೆ ಕೂರಬೇಕು. ಹೊರಗಿಗಿಂತ ಒಳಗೆ ಸೆಕೆ ಹೆಚ್ಚು. ಐದು ಲೀಟರು ನೀರು, ಕಿರುಗುಟ್ಟದ ಒರಗುಮಣೆ, ಒಂದು ದಪ್ಪ ಕಾದಂಬರಿ. ಒಳಹೊಗುವ ಮೊದಲು ಮೂಲೆಗಳನ್ನೆಲ್ಲ ನೋಡಿ. ನೆರಳು ಬುಡುಬುಡಿಕೆ ಹಾವಿಗೂ ಪ್ರಿಯವೇ.

ಪಟ್ಟಿಯ ಕೊನೆಗೆ ಬಂದರೂ ಮುಖ್ಯತೆಯಲ್ಲಿ ಮೊದಲಿನದು ಹಿಮದ ಪೆಟ್ಟಿಗೆ. ಚಿಗರೆಯ ರೋಮ ಟೊಳ್ಳಾಗಿದ್ದು ದೇಹದ ಶಾಖವನ್ನು ಹಿಡಿದಿಡುತ್ತದೆ. ಆಗಸ್ಟಿನ ಬಿಸಿಲಿನಲ್ಲಿ ಕೂಡಲೇ ಕರುಳು ತೆಗೆದು, ತೊಗಲು ಸುಲಿದು, ಮಾಂಸವನ್ನು ತೆಳುವಾದ ಹತ್ತಿಯ ಚೀಲಕ್ಕೆ ಹಾಕಿ ತಣಿಸದಿದ್ದರೆ ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ಎರಡು ಹರಿತ ಚೂರಿ, ಹತ್ತಿಯ ಚೀಲಗಳು, ಗಾಡಿಯಲ್ಲಿ ಹಿಮಗಡ್ಡೆ ತುಂಬಿದ ಪೆಟ್ಟಿಗೆ ಇವಿಲ್ಲದವನು ಬಿಲ್ಲನ್ನು ಮನೆಯಲ್ಲಿಯೇ ಬಿಡುವುದು ಲೇಸು. ತಿನ್ನಲಾರದಂತೆ ಕೆಡಿಸಿದ ಮಾಂಸಕ್ಕಾಗಿ ತೆಗೆದ ಜೀವಕ್ಕೆ ಯಾವ ಸಮಜಾಯಿಷಿ ಉಂಟು?

ಇಲ್ಲಿನ ವಾಚಕರಿಗೂ ಒಂದು ಮಾತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯ ಬಾಗಿಲನ್ನು ಮುಚ್ಚಿತು. 1974ರಲ್ಲಿ ರಾಣೆಬೆನ್ನೂರಿನ ಬಯಲು ಕೃಷ್ಣಮೃಗದ ಧಾಮವಾಯಿತು. ಅಮೆರಿಕ ಹಿಡಿದ ದಾರಿ ಬೇರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹತ್ತಾರು ಸಾವಿರಕ್ಕಿಳಿದಿದ್ದ ಕವಲುಕೊಂಬಿನ ಚಿಗರೆ ಕಾನೂನಿನ ಕಾವಲಿನಿಂದ ಮತ್ತೆ ಲಕ್ಷಗಳಿಗೆ ಏರಿತು. ಬಂದೂಕು, ಗುಂಡುಗಳ ಮೇಲಿನ ತೆರಿಗೆಯನ್ನು 1937ರ ಕಾಯಿದೆ ವನ್ಯಜೀವಿಗಳಿಗೆ ಮೀಸಲಿಟ್ಟಿತು; ಬಿಲ್ಲುಬಾಣಗಳನ್ನು ಅದಕ್ಕೆ ಸೇರಿಸಿದ್ದು ಅದೇ 1972ರಲ್ಲಿ. ಎರಡು ದೇಶ, ಒಂದೇ ವರ್ಷ, ಎರಡು ದಾರಿ. ಯಾವುದು ಮೇಲೆಂಬ ವಾದ ಈ ಪುಟಕ್ಕೆ ದೊಡ್ಡದು.

ಪತ್ರ ಬರೆದವರಿಗೆ ಹೇಳುವುದಿಷ್ಟು: ತಾವಿರುವ ನೆಲದ ನಿಯಮ ಅಪ್ಪಣೆ ಕೊಟ್ಟಿದೆ, ಆದರೆ ಪ್ರತಿ ಬಾಣಕ್ಕೂ ಮತ್ತೊಂದು ಅಪ್ಪಣೆ ತಮ್ಮ ಮನಸ್ಸಿನಿಂದ ಬರಬೇಕು. ಇಪ್ಪತ್ತೈದು ಗಜದೊಳಗೆ, ಮೃಗ ಪಕ್ಕೆ ತೋರಿಸಿ ನಿಶ್ಚಿಂತವಾಗಿ ನೀರು ಕುಡಿಯುತ್ತಿರುವಾಗ ಮಾತ್ರ ಹೆದೆ ಬಿಡುವುದೆಂದು ಮೊದಲೇ ನಿಶ್ಚಯಿಸಿ. ಉಳಿದೆಲ್ಲ ಸಮಯದಲ್ಲಿ ಬಾಣ ಬತ್ತಳಿಕೆಯಲ್ಲಿಯೇ ಇರಲಿ. ಬರಿಗೈಯಲ್ಲಿ ಹಿಂದಿರುಗಿದರೆ ಕಾದಂಬರಿಯಾದರೂ ಮುಗಿದಿರುತ್ತದೆ.