ಬಿಸಿಲಾಟ ಮತ್ತು ಬೆವರಿನ ಲೆಕ್ಕ

ಪರೀಕ್ಷೆ ಮುಗಿಯಿತು, ಪುಸ್ತಕಗಳು ಅಟ್ಟ ಸೇರಿದವು. ಇನ್ನು ಬ್ಯಾಟು, ಚೆಂಡು, ಮೈದಾನ. ‘ಬಿಸಿಲಿಗೆ ಹೋಗಬೇಡವೋ’ ಎಂದು ಅಮ್ಮನ ಕೂಗು. ‘ನಂಗೇನೂ ಆಗಲ್ಲ ಬಿಡಮ್ಮ’ ಎಂದು ಮಗನ ಉತ್ತರ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಬಿಸಿಲನ್ನು ತಾಳಿಕೊಳ್ಳುವ ಶಕ್ತಿ ದೇಹಕ್ಕೆ ಇದೆ; ಆ ಶಕ್ತಿಗೊಂದು ಮಿತಿಯೂ ಇದೆ. ಮಿತಿ ಮೀರಿದ್ದನ್ನು ಗುರುತಿಸುವುದು ಹೇಗೆಂದು ಇಬ್ಬರಿಗೂ ಗೊತ್ತಿರಬೇಕು.

ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಓಡಿದಾಗ ಸ್ನಾಯುಗಳು ಶಾಖ ಉತ್ಪಾದಿಸುತ್ತವೆ. ಹೊರಗಿನ ಗಾಳಿಯೇ ಚರ್ಮಕ್ಕಿಂತ ಬಿಸಿಯಾಗಿದ್ದರೆ ಈ ಶಾಖ ಹೊರಹೋಗಲು ಉಳಿಯುವ ದಾರಿ ಬೆವರೊಂದೇ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಬೆವರು ಆವಿಯಾಗಬೇಕು. ತೊಟ್ಟಿಕ್ಕಿ ಹೋದರೆ ಪ್ರಯೋಜನವಿಲ್ಲ. ರಾಯಚೂರಿನ ಒಣ ಧಗೆಯಲ್ಲಿ ಬೆವರು ಬೇಗ ಆರುತ್ತದೆ. ಮಂಗಳೂರಿನ ಸೆಕೆಯಲ್ಲಿ ಅಂಗಿ ಒದ್ದೆಯಾದರೂ ಮೈ ತಂಪಾಗದು. ಹವಾಮಾನ ಇಲಾಖೆ ಬಿಸಿಗಾಳಿಯನ್ನು ಪರಿಗಣಿಸುವಾಗ ಬಯಲು ಪ್ರದೇಶಕ್ಕೆ ಕನಿಷ್ಠ 40 ಡಿಗ್ರಿ, ಕರಾವಳಿಗೆ 37 ಡಿಗ್ರಿ ಎಂದು ಬೇರೆ ಬೇರೆ ಅಳತೆಗೋಲು ಇಟ್ಟುಕೊಂಡಿದೆ. ಇನ್ನೊಂದು ಮಾತು: ಪತ್ರಿಕೆಯಲ್ಲಿ ಬರುವ ಉಷ್ಣಾಂಶ ಗಾಳಿಯಾಡುವ ಬಿಳಿ ಪೆಟ್ಟಿಗೆಯ ನೆರಳಿನಲ್ಲಿ ಅಳೆದದ್ದು. ಮೈದಾನದ ನೆತ್ತಿ ಬಿಸಿಲಿನ ಲೆಕ್ಕ ಅದರಲ್ಲಿಲ್ಲ.

ಹಾಗೆಂದು ಮಕ್ಕಳನ್ನು ಮನೆಯಲ್ಲೇ ಕೂಡಿಹಾಕಬೇಕಿಲ್ಲ. ವೇಳೆ ಬದಲಿಸಿದರೆ ಸಾಕು. ಕಲಬುರಗಿ ಕಡೆಯ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ರೂಢಿಯಿದೆ. ದೊಡ್ಡವರ ಕಡತಗಳಿಗೆ ಇರುವ ಈ ರಿಯಾಯಿತಿ ಮಕ್ಕಳ ಟೂರ್ನಮೆಂಟಿಗೂ ಇರಲಿ. ಆಟ ಬೆಳಿಗ್ಗೆ ಬೇಗ ಮುಗಿಯಲಿ, ಇಲ್ಲವೇ ಸಂಜೆ ಬಿಸಿಲು ಇಳಿದ ಮೇಲೆ ಶುರುವಾಗಲಿ. ದೇಹ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು. ಬೆಂಗಳೂರಿನಿಂದ ಬಳ್ಳಾರಿಯ ಅಜ್ಜಿಮನೆಗೆ ಬಂದ ಹುಡುಗ ಮೊದಲ ದಿನವೇ ಅಲ್ಲಿನ ಗೆಳೆಯರ ಸಮಕ್ಕೆ ಓಡಬಾರದು.

ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡಿಯಿರಿ. ರಾಮನವಮಿಯ ಪಾನಕ, ನೀರುಮಜ್ಜಿಗೆಗಳು ಕಾಲಕ್ಕೆ ತಕ್ಕ ಪಾನೀಯಗಳೇ. ಬೆವರಿನಲ್ಲಿ ಹೋದ ನೀರು, ಉಪ್ಪನ್ನು ಮಜ್ಜಿಗೆ ಮರಳಿಸುತ್ತದೆ. ಸಕ್ಕರೆಯ ಅಂಶವಿದ್ದರೆ ಕರುಳು ಉಪ್ಪು, ನೀರನ್ನು ಬೇಗ ಹೀರಿಕೊಳ್ಳುತ್ತದೆ. ತುಂಬಾ ಬಳಲಿದವರಿಗೆ ಓಆರ್‌ಎಸ್ ಪೊಟ್ಟಣ ಒಳ್ಳೆಯದು. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ತಲೆತಟ್ಟಿ ಅಳೆದು ಬೆರೆಸಿ.

ಈಗ ಮುಖ್ಯ ವಿಷಯ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲಿನ ಸೆಳೆತ ಬಂದರೆ ಅದು ಬಿಸಿಲಿನ ಬಳಲಿಕೆ. ಆಟ ನಿಲ್ಲಿಸಿ, ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಗುಟುಕು ಗುಟುಕಾಗಿ ಕುಡಿಸಿ. ಆದರೆ ಹುಡುಗ ಏನೇನೋ ಮಾತಾಡತೊಡಗಿದರೆ, ತೂರಾಡಿದರೆ, ಪ್ರಜ್ಞೆ ತಪ್ಪಿದರೆ, ಫಿಟ್ಸ್ ಬಂದರೆ ಅದು ಬಿಸಿಲಾಘಾತ. ಆಗ ಒಳಗಿನ ಉಷ್ಣತೆ 40 ಡಿಗ್ರಿ ಮೀರಿರುತ್ತದೆ. ಮಿದುಳು, ಮೂತ್ರಪಿಂಡಗಳಿಗೆ ಪೆಟ್ಟು ಬೀಳುತ್ತಿರುತ್ತದೆ. ‘ಮೈ ಬೆವರುತ್ತಿದೆ, ಹಾಗಾಗಿ ಭಯವಿಲ್ಲ’ ಎಂದು ಸುಮ್ಮನಿರಬೇಡಿ. ಓಡಿ ಆಡಿ ಕುಸಿದವರಲ್ಲಿ ಬೆವರು ಇನ್ನೂ ಹರಿಯುತ್ತಿರಬಹುದು.

ಒಬ್ಬರು 108ಕ್ಕೆ ಫೋನ್ ಮಾಡಲಿ. ಉಳಿದವರು ಆಂಬುಲೆನ್ಸ್‌ಗೆ ಕಾಯುತ್ತಾ ನಿಲ್ಲದೆ ಕೂಡಲೇ ಮೈ ತಣಿಸಲಿ. ಬಕೆಟ್ಟಿನಿಂದ ನೀರು ಸುರಿಯಿರಿ, ಒದ್ದೆ ಬಟ್ಟೆ ಹೊದಿಸಿ, ಜೋರಾಗಿ ಗಾಳಿ ಬೀಸಿ. ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳಿಗೆ ಇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಲೇಬೇಡಿ. ಅದು ಶ್ವಾಸಕೋಶಕ್ಕೆ ಇಳಿಯಬಹುದು. ಪ್ಯಾರಾಸಿಟಮಾಲ್ ಕೂಡ ಬೇಡ. ಇದು ಸೋಂಕಿನ ಜ್ವರವಲ್ಲ, ಆ ಮಾತ್ರೆಗೆ ಇಳಿಯದು. ಕುಸಿದ ಮೊದಲ ಅರ್ಧ ಗಂಟೆಯೊಳಗೆ ಮೈ ತಣಿಸಿದರೆ ಜೀವ ಉಳಿಯುವ ಸಾಧ್ಯತೆ ಬಹಳ ಹೆಚ್ಚು.

ವಿದ್ಯಾರ್ಥಿ ಮಿತ್ರರೇ, ಬಿಸಿಲಾಘಾತವಾದವನಿಗೆ ತನಗೇನಾಗುತ್ತಿದೆ ಎಂಬುದೇ ತಿಳಿಯದಿರಬಹುದು. ‘ನಾನು ಚೆನ್ನಾಗಿದ್ದೀನಿ’ ಎಂದೇ ಅವನು ಹೇಳುತ್ತಾನೆ. ಅವನ ಮಾತು ನಂಬಬೇಡಿ, ಮುಖ ನೋಡಿ, ನಡಿಗೆ ನೋಡಿ. ಸ್ಟಂಪ್ ನೆಡುವ ಮೊದಲು ಮರದ ಕೆಳಗೆ ಎರಡು ಬಕೆಟ್ ನೀರು ತುಂಬಿಡಿ. ಬೇಡವಾದರೆ ಸಂಜೆ ಗಿಡಕ್ಕೆ ಹಾಕಿ ಬನ್ನಿ.