ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಬೇಡಿ!

ಬ್ಯಾಟಲ್‌ಫೀಲ್ಡ್ ಆಡುವ ಎಲ್ಲ ಗೆಳೆಯ ಗೆಳತಿಯರಲ್ಲಿ ಒಂದು ಮನವಿ

ಎಸ್.ಪಿ. ರೋಡಿಗೆ ಗ್ರಾಫಿಕ್ಸ್ ಕಾರ್ಡ್ ರೇಟು ವಿಚಾರಿಸಲು ಬಂದವರೇ, ಗೇಮಿಂಗ್ ಕೆಫೆಯ ಮೆಟ್ಟಿಲ ಮೇಲೆ ಸರದಿಗೆ ಕಾದು ಕೂತವರೇ, ಒಂದು ನಿಮಿಷ. ಇದು ಕೋಚಿಂಗ್ ಕ್ಲಾಸಿನ ಜಾಹೀರಾತಲ್ಲ, ಪಿ.ಜಿ. ಊಟ-ವಸತಿಯದೂ ಅಲ್ಲ.

2025ರ ಅಕ್ಟೋಬರ್ 10, ಶುಕ್ರವಾರ ಬ್ಯಾಟಲ್‌ಫೀಲ್ಡ್ 6 ಬಿಡುಗಡೆ. ನಾವು ಕೇಳಿಕೊಳ್ಳುವುದು ಇಷ್ಟೇ: ಅದಕ್ಕೆ ಮುಂಗಡ ದುಡ್ಡು ಕಟ್ಟಬೇಡಿ. ಅಕ್ಟೋಬರ್ 20, ನರಕ ಚತುರ್ದಶಿಯವರೆಗೆ ಕೈ ಬಿಗಿ ಹಿಡಿಯಿರಿ. ಹತ್ತೇ ದಿನ!

ಇದನ್ನು ಬರೆದವರು ಆಟದ ವೈರಿಗಳಲ್ಲ. ನಮ್ಮಲ್ಲಿ ಕೆಲವರಿಗೆ ಈಗ ಕನ್ನಡಕ ಬಂದಿದೆ, ಇಬ್ಬರಿಗೆ ಬೆನ್ನುನೋವು. 2002ರಲ್ಲಿ ಬ್ಯಾಟಲ್‌ಫೀಲ್ಡ್ 1942 ಬಂದ ಕಾಲದಲ್ಲಿ ಸೈಬರ್ ಸೆಂಟರಿನ ಅಷ್ಟೂ ಕಂಪ್ಯೂಟರುಗಳಲ್ಲಿ ಕೌಂಟರ್-ಸ್ಟ್ರೈಕ್ ಓಡುತ್ತಿತ್ತು. ಮೂಲೆಯ ಎರಡರಲ್ಲಿ ಮಾತ್ರ ಯಾರೋ ಪುಣ್ಯಾತ್ಮರು 1942ರ ಡೆಮೊ ಹಾಕಿಟ್ಟಿದ್ದರು. ಅದರಲ್ಲಿ ಇದ್ದದ್ದು ವೇಕ್ ಐಲ್ಯಾಂಡ್ ಎಂಬ ಒಂದೇ ಮ್ಯಾಪು. ಕುದುರೆ ಲಾಳದಂಥ ಆ ದ್ವೀಪದ ಮೇಲೆ ವಿಮಾನ ಹಾರಿಸಲು ಹೋಗಿ ನೂರು ಸಲ ಸಮುದ್ರಕ್ಕೆ ಬಿದ್ದಿದ್ದೇವೆ. ಆದರೂ ಎದ್ದು ಮನೆಗೆ ಹೋಗಲು ಮನಸ್ಸಾಗುತ್ತಿರಲಿಲ್ಲ. ನಡೆದು ಹೋಗುವವನು, ಜೀಪು ಓಡಿಸುವವನು, ಟ್ಯಾಂಕಿನಲ್ಲಿ ಕೂತವನು, ಮೇಲೆ ಹಾರುವವನು ಎಲ್ಲರೂ ಒಂದೇ ಬಯಲಿನಲ್ಲಿ ಇರಬಹುದು ಅಂತ ನಮಗೆ ತೋರಿಸಿಕೊಟ್ಟದ್ದು ಸ್ಟಾಕ್‌ಹೋಮ್‌ನ ಡೈಸ್ ಎಂಬ ಆ ಕಂಪನಿ. ಆ ಋಣ ನಮಗಿದೆ. ಆದ್ದರಿಂದಲೇ ಈ ಕರಪತ್ರ.

2025ರ ಆಗಸ್ಟಿನ ಬೀಟಾವನ್ನು, ಅಂದರೆ ಬಿಡುಗಡೆಗೆ ಮುಂಚಿನ ಪ್ರಯೋಗದ ರೂಪವನ್ನು, ನಾವೂ ಆಡಿದೆವು. ಸುಳ್ಳು ಹೇಳುವುದೇಕೆ, ಖುಷಿಯಾಯಿತು. ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್ ಒಂದರಲ್ಲೇ ಒಂದೇ ಹೊತ್ತಿಗೆ 5 ಲಕ್ಷ 21 ಸಾವಿರ ಜನ ಆಡಿದ್ದರು. ಆ ಗುಂಪಿನಲ್ಲಿ ನಾವೂ ಕ್ಯೂ ನಿಂತಿದ್ದೆವು. ಅಸಾಲ್ಟ್, ಎಂಜಿನಿಯರ್, ಸಪೋರ್ಟ್, ರೀಕಾನ್ ಎಂಬ ನಾಲ್ಕು ಕ್ಲಾಸುಗಳು, ಅಂದರೆ ಸೈನಿಕರ ಬಗೆಗಳು, ವಾಪಸ್ ಬಂದಿವೆ. ಗುಂಡು ತಿಂದು ಬಿದ್ದ ಜೊತೆಗಾರನನ್ನು ಗೋಡೆಯ ಮರೆಗೆ ಎಳೆದು ತಂದು ಎಬ್ಬಿಸಬಹುದು. ಆ ಗೋಡೆಯೂ ಮುಂದಿನ ಕ್ಷಣ ಇರುತ್ತದೆಂಬ ಖಾತ್ರಿ ಇಲ್ಲ. ಟ್ಯಾಂಕಿನ ಒಂದು ಶೆಲ್ಲಿಗೆ ಮನೆಯ ಮುಂಭಾಗ ಕುಸಿದು ಧೂಳೆದ್ದಾಗ ನಮ್ಮಲ್ಲೊಬ್ಬರು ಕುರ್ಚಿಯಿಂದ ಎದ್ದು ಕೂಗಿಬಿಟ್ಟರು. ಒಳಗಿನಿಂದ ಅವರ ಅಮ್ಮ "ಏನಾಯ್ತೋ?" ಅಂದರು.

ಹಾಗಿದ್ದರೆ ಅನುಮಾನ ಯಾಕೆ?

ಬೀಟಾದಲ್ಲಿ ಕೊಟ್ಟ ಮ್ಯಾಪುಗಳು ಚಿಕ್ಕವು. ಕೈರೋದ ಗಲ್ಲಿ, ನ್ಯೂಯಾರ್ಕಿನ ಓಣಿ, ಎಲ್ಲಿ ತಿರುಗಿದರೂ ಬೆನ್ನ ಹಿಂದೆ ಒಬ್ಬ. ವೇಕ್ ಐಲ್ಯಾಂಡಿನ ಬಯಲು ಕಂಡವರಿಗೆ ಇದು ಸಂತೆಯಲ್ಲಿ ಕಬಡ್ಡಿ ಆಡಿದ ಹಾಗೆ. ದೊಡ್ಡ ಮ್ಯಾಪುಗಳೂ ಬರುತ್ತವೆ ಅಂದಿದ್ದಾರೆ, ಬರಲಿ, ನೋಡೋಣ. ಯಾವ ಕ್ಲಾಸಿನವನಾದರೂ ಯಾವ ಬಂದೂಕನ್ನಾದರೂ ಹಿಡಿಯಬಹುದು ಎಂಬ 'ಓಪನ್ ವೆಪನ್ಸ್' ನಿಯಮದ ಬಗ್ಗೆ ಹಳಬರು ಮುನಿಸಿಕೊಂಡಿದ್ದಾರೆ. ಹಳೇ ಪದ್ಧತಿ ಬೇಕಾದವರಿಗೆ ಬೇರೆ ಪಟ್ಟಿ ಇಡುತ್ತಾರಂತೆ, ಆದರೆ ಆ ಪಟ್ಟಿಯಲ್ಲಿ ಮೂರು ತಿಂಗಳಾದ ಮೇಲೆ ಜನ ಇರುತ್ತಾರಾ? ಇನ್ನು ಜಾರುವುದು, ಜಿಗಿಯುವುದು, ಜಾರುತ್ತಲೇ ಹೊಡೆಯುವುದು, ಇವೆಲ್ಲ ಎದುರಾಳಿ ಆಟ ಕಾಲ್ ಆಫ್ ಡ್ಯೂಟಿಯ ಚಾಳಿ. ಬ್ಯಾಟಲ್‌ಫೀಲ್ಡ್ ಸರಣಿಯ ಮೇಲ್ವಿಚಾರಣೆ 2025ರಲ್ಲಿ ವಿನ್ಸ್ ಜಂಪೆಲ್ಲಾ ಅವರದಾಗಿತ್ತು, ಕಾಲ್ ಆಫ್ ಡ್ಯೂಟಿಯನ್ನು ಹುಟ್ಟುಹಾಕಿದವರಲ್ಲಿ ಒಬ್ಬರು. ಕೆಲಸ ಬಲ್ಲವರು ಎಂಬ ನೆಮ್ಮದಿ ಒಂದು ಕಡೆ, ಇದನ್ನೂ ಕಾಲ್ ಆಫ್ ಡ್ಯೂಟಿ ಮಾಡಿಬಿಟ್ಟರೆ ಎಂಬ ದಿಗಿಲು ಇನ್ನೊಂದು ಕಡೆ. ನಮ್ಮ ಗುಂಪಿನಲ್ಲೇ ಇದಕ್ಕೆ ಜಗಳ ಆಗಿ ಒಬ್ಬರು ಎರಡು ದಿನ ಮಾತು ಬಿಟ್ಟಿದ್ದರು.

ಈ ಜಗಳ ಅಕ್ಟೋಬರ್ 10ರ ಮೊದಲು ತೀರುವಂಥದ್ದಲ್ಲ. ತೀರದ ವಿಷಯಕ್ಕೆ ದುಡ್ಡು ಮಾತ್ರ ಮೊದಲೇ ಯಾಕೆ ಕೊಡಬೇಕು? ಮಾರ್ಕೆಟ್ಟಿನಲ್ಲಿ ಕಾಲು ಕೆಜಿ ಬದನೆಕಾಯಿ ತಗೊಳ್ಳುವಾಗಲೂ ನಾವು ಹುಳುಕಿದೆಯೇ ಅಂತ ತಿರುಗಿಸಿ ನೋಡುವವರು.

2021 ನೆನಪಿದೆಯೇ? ಬ್ಯಾಟಲ್‌ಫೀಲ್ಡ್ 2042. ಟ್ರೇಲರಿನಲ್ಲಿ ಸುಂಟರಗಾಳಿ, 128 ಜನರ ಕಾಳಗ, ವಿಮಾನದಿಂದ ಹಾರಿ ರಾಕೆಟ್ ಹೊಡೆದು ಮತ್ತೆ ವಿಮಾನಕ್ಕೇ ಹತ್ತುವ ಸಾಹಸ. ಆ ಅಕ್ಟೋಬರಿನ ಬೀಟಾದಲ್ಲಿ ತೊಂದರೆ ಕಂಡವರಿಗೆ "ಇದು ಕೆಲವು ತಿಂಗಳ ಹಿಂದಿನ ರೂಪ, ಈಗಾಗಲೇ ಸುಧಾರಿಸಿದೆ" ಎಂಬ ಸಮಾಧಾನ ಸಿಕ್ಕಿತು. ಜನ ನಂಬಿದರು. ನವೆಂಬರ್ 19ಕ್ಕೆ ಆಟ ಬಂದಾಗ ಕಥೆಯ ಕ್ಯಾಂಪೇನೇ ಇರಲಿಲ್ಲ. ಕ್ಲಾಸುಗಳಿರಲಿಲ್ಲ, ಬದಲಿಗೆ ಚಟಾಕಿ ಹಾರಿಸುವ 'ಸ್ಪೆಷಲಿಸ್ಟು'ಗಳು. ಆಟದೊಳಗೆ ಜೊತೆಗಾರರ ಜೊತೆ ಮಾತಾಡಲು ವಾಯ್ಸ್ ಚಾಟ್ ಇಲ್ಲ. ಹೋಗಲಿ, ಯಾರು ಎಷ್ಟು ಹೊಡೆದರು ಅಂತ ನೋಡುವ ಮಾಮೂಲಿ ಸ್ಕೋರ್‌ಬೋರ್ಡೂ ಇಲ್ಲ! ಗಲ್ಲಿ ಕ್ರಿಕೆಟ್ಟಿನಲ್ಲೂ ಇದ್ದಿಲಿನಲ್ಲಿ ಗೋಡೆಯ ಮೇಲೆ ರನ್ನು ಬರೆಯುತ್ತೇವಲ್ಲ ಸ್ವಾಮಿ. ಸ್ಕೋರ್‌ಬೋರ್ಡು ಬಂದದ್ದು 2022ರ ಮಾರ್ಚಿನಲ್ಲಿ, ವಾಯ್ಸ್ ಚಾಟ್ ಏಪ್ರಿಲಿನಲ್ಲಿ, ಕ್ಲಾಸುಗಳು 2023ರಲ್ಲಿ. ದುಡ್ಡು ವಾಪಸ್ ಕೊಡಿ ಎಂಬ ಮನವಿಗೆ 2 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಆಟ ನಿರೀಕ್ಷೆ ಮುಟ್ಟಲಿಲ್ಲವೆಂದು ಕೊನೆಗೆ ಆಟ ಹೊರತಂದ ಇಎ ಕಂಪನಿಯೇ ಒಪ್ಪಿಕೊಂಡಿತು.

ಅದೊಂದೇ ಅಲ್ಲ. 2013ರ ಬ್ಯಾಟಲ್‌ಫೀಲ್ಡ್ 4 ಬಂದಾಗ ಎಷ್ಟು ಕೆಟ್ಟಿತ್ತೆಂದರೆ ಡೈಸ್ ತನ್ನ ಮುಂದಿನ ಕೆಲಸಗಳನ್ನೆಲ್ಲ ನಿಲ್ಲಿಸಿ ರಿಪೇರಿಗೆ ಕೂರಬೇಕಾಯಿತು. ಇಎ ಕಂಪನಿಯ ಷೇರುದಾರರು ಕೋರ್ಟಿಗೂ ಹೋದರು. ಕೇಸು ವಜಾ ಆಯಿತು, ಅದು ಬೇರೆ ಮಾತು. 2018ರ ಬ್ಯಾಟಲ್‌ಫೀಲ್ಡ್ 5ರಲ್ಲಿ ಎಷ್ಟು ಗುಂಡಿಗೆ ಎದುರಾಳಿ ಸಾಯಬೇಕು ಎಂಬ ಲೆಕ್ಕವನ್ನೇ ಬಿಡುಗಡೆಯಾದ ತಿಂಗಳೊಳಗೆ ಬದಲಾಯಿಸಿ, ಜನ ತಿರುಗಿ ಬಿದ್ದ ಮೇಲೆ ಮತ್ತೆ ಹಿಂದಕ್ಕೆ ಹಾಕಿದರು.

"ಆಮೇಲೆ ಸರಿ ಮಾಡ್ತಾರಲ್ವಾ ಗುರು?" ಅಂತೀರಿ. ನಿಜ, ಮಾಡುತ್ತಾರೆ. ಬ್ಯಾಟಲ್‌ಫೀಲ್ಡ್ 4 ಆಮೇಲೆ ಚಿನ್ನದಂಥ ಆಟವಾಯಿತು, ಇವತ್ತಿಗೂ ಆಡುವವರಿದ್ದಾರೆ. ಆದರೆ ಸರಿಯಾಗುವ ಹೊತ್ತಿಗೆ ಅದರ ಬೆಲೆ ಅರ್ಧಕ್ಕೆ, ಕಾಲು ಭಾಗಕ್ಕೆ ಇಳಿದಿರುತ್ತದೆ. ಮೊದಲ ದಿನ ಪೂರ್ತಿ ದುಡ್ಡು ಕೊಟ್ಟವನಿಗೆ ಹಸಿ ಗೋಡೆ, ವರ್ಷ ಬಿಟ್ಟು ಬಂದವನಿಗೆ ಸುಣ್ಣ ಬಣ್ಣ ಬಳಿದ ಮನೆ, ಅದೂ ಡಿಸ್ಕೌಂಟಿನಲ್ಲಿ. ಯಾವ ನ್ಯಾಯ ಇದು? ಮನೆ ಎಂದರೆ ಅದೂ ನಮ್ಮ ಸ್ವಂತದ್ದಲ್ಲ, ಬಾಡಿಗೆಯದು. ಇದೇ ಸರಣಿಯ 'ಬ್ಯಾಡ್ ಕಂಪನಿ' ಹೆಸರಿನ ಎರಡು ಆಟಗಳನ್ನು 2023ರಲ್ಲಿ ಡಿಜಿಟಲ್ ಅಂಗಡಿಗಳಿಂದ ತೆಗೆದರು, ಆ ಡಿಸೆಂಬರಿಗೆ ಅವುಗಳ ಆನ್‌ಲೈನ್ ಸೇವೆಯೂ ನಿಂತಿತು. ದುಡ್ಡು ಕೊಟ್ಟು ತಗೊಂಡ ಆಟವೇ ಒಂದು ದಿನ ಹೀಗೆ ಬಾಗಿಲು ಹಾಕುತ್ತದೆ ಎಂದ ಮೇಲೆ, ಒಳಗೆ ಹೋಗುವ ಮೊದಲು ಮನೆ ನೋಡುವ ಹಕ್ಕಾದರೂ ಬೇಡವೇ?

ಮುಂಗಡ ಕಟ್ಟಿದರೆ ಏನು ಸಿಗುತ್ತದೆ? ಒಂದಿಷ್ಟು ಅಲಂಕಾರದ ಸಾಮಾನು. ಹೊಸ ಸಿನಿಮಾದ ಮೊದಲ ಶೋ ಟಿಕೆಟ್ಟಾದರೂ ಮುಗಿದುಹೋಗುತ್ತದೆ ಅನ್ನಬಹುದು. ಡೌನ್‌ಲೋಡಿನ ಸ್ಟಾಕು ಖಾಲಿಯಾದದ್ದನ್ನು ಯಾರಾದರೂ ಕಂಡಿದ್ದೀರಾ?

ಆದ್ದರಿಂದ ಈಗ ಮಾಡಬೇಕಾದ್ದು.

ಈಗಾಗಲೇ ಸ್ಟೀಮ್‌ನಲ್ಲಿ ಮುಂಗಡ ಕಟ್ಟಿದ್ದರೆ ಗಾಬರಿ ಬೇಡ. ಬಿಡುಗಡೆಯ ಹಿಂದಿನ ಕ್ಷಣದವರೆಗೂ ವಾಪಸ್ ಕೇಳಬಹುದು. ಸ್ಟೀಮ್ ಸಪೋರ್ಟಿಗೆ ಹೋಗಿ, ನಿಮ್ಮ ಖರೀದಿ ಆರಿಸಿ, ರೀಫಂಡ್ ಒತ್ತಿ. ಬಿಡುಗಡೆ ಆದ ಮೇಲೆ ತಗೊಂಡರೆ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್. ಆ ಎರಡು ಗಂಟೆಯನ್ನು ಕ್ಯಾಂಪೇನಿನ ವಿಡಿಯೊ ನೋಡುತ್ತಾ ಕಳೆಯಬೇಡಿ, ಸೀದಾ ಕಾಂಕ್ವೆಸ್ಟ್ ಎಂಬ ಸಾಮೂಹಿಕ ಕಾಳಗಕ್ಕೆ ನುಗ್ಗಿ. ಪ್ಲೇಸ್ಟೇಷನ್‌ನವರು ಇನ್ನೂ ಹುಷಾರಾಗಿರಬೇಕು: ಒಮ್ಮೆ ಡೌನ್‌ಲೋಡ್ ಶುರುವಾದರೆ ಅಲ್ಲಿ ದುಡ್ಡು ವಾಪಸ್ ಬರುವುದು ಕಷ್ಟ.

ಪಿಸಿ ಇರುವವರು ಇವತ್ತೇ ಮನೆಗೆ ಹೋಗಿ ಒಂದು ಕೆಲಸ ಮಾಡಿ. ಮೋಸಗಾರರನ್ನು ತಡೆಯಲು ಈ ಆಟ ಸೆಕ್ಯೂರ್ ಬೂಟ್ ಕಡ್ಡಾಯ ಮಾಡಿದೆ. ಉದ್ದೇಶ ಒಳ್ಳೆಯದೇ, ಆದರೆ ಹಳೇ ಮದರ್‌ಬೋರ್ಡಿನವರು ಬಾಗಿಲಲ್ಲೇ ನಿಲ್ಲಬೇಕಾದೀತು. ವಿಂಡೋಸ್‌ನಲ್ಲಿ 'ಸಿಸ್ಟಮ್ ಇನ್ಫರ್ಮೇಷನ್' ತೆರೆದು 'ಸೆಕ್ಯೂರ್ ಬೂಟ್ ಸ್ಟೇಟ್' ಮುಂದೆ 'ಆನ್' ಎಂದಿದೆಯೇ ನೋಡಿ. ಬಯಾಸ್ ಮೋಡ್ 'ಲೆಗಸಿ' ಎಂದಿದ್ದರೆ ಯಾರದೋ ವಿಡಿಯೊ ನೋಡಿ ಅವಸರದಲ್ಲಿ ಏನನ್ನೂ ಬದಲಾಯಿಸಬೇಡಿ, ವಿಂಡೋಸೇ ಏಳದೆ ಮಲಗಿಬಿಡಬಹುದು. ಮೊದಲು ಫೋಟೊ, ಪ್ರಾಜೆಕ್ಟ್ ರಿಪೋರ್ಟ್ ಎಲ್ಲ ಬೇರೆ ಕಡೆ ಕಾಪಿ ಮಾಡಿಟ್ಟುಕೊಂಡು, ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕನಿಷ್ಠ 16 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 2060 ಮಟ್ಟದ ಕಾರ್ಡು ಬೇಕು. ಲಿನಕ್ಸ್‌ನವರಿಗೆ, ಸ್ಟೀಮ್ ಡೆಕ್‌ನವರಿಗೆ ಈ ಆಟ ಓಡುವುದೇ ಇಲ್ಲ. ಇದನ್ನು ದುಡ್ಡು ಕಟ್ಟಿದ ಮೇಲೆ ತಿಳಿಯುವುದಕ್ಕಿಂತ ಈ ಕಾಗದದಲ್ಲಿ ತಿಳಿಯುವುದು ಮೇಲು.

ಕನ್ನಡದಲ್ಲಿ ಗೇಮಿಂಗ್ ಚಾನೆಲ್ ನಡೆಸುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ನಿಮ್ಮ ಮಾತನ್ನು ನಂಬಿ ಅಪ್ಪನ ಯುಪಿಐ ಪಿನ್ ಕೇಳುವ ಹುಡುಗರಿದ್ದಾರೆ. ಮೊದಲ ವಾರ ಥಂಬ್‌ನೇಲಿನಲ್ಲಿ ಬಾಯಿ ತೆರೆದು ನಿಲ್ಲುವ ಬದಲು ಸರ್ವರ್ ಹೇಗಿದೆ, ಪಿಂಗ್ ಎಷ್ಟು, ಮ್ಯಾಪು ಎಷ್ಟು ದೊಡ್ಡದು ಅಂತ ತೋರಿಸಿ. ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನಿ, ನಾವೂ ಚಪ್ಪಾಳೆ ತಟ್ಟುತ್ತೇವೆ. 2025ರ ನವೆಂಬರ್ 14ರ ಕಾಲ್ ಆಫ್ ಡ್ಯೂಟಿ ಬ್ಲ್ಯಾಕ್ ಆಪ್ಸ್ 7ಕ್ಕೂ ಇದೇ ಅಳತೆಗೋಲು ಹಿಡಿಯಿರಿ, ಪಕ್ಷಪಾತ ಬೇಡ.

ಆಟ ಗೆಲ್ಲಲಿ ಎಂಬುದೇ ನಮ್ಮ ಹಾರೈಕೆ. ಅಕ್ಟೋಬರ್ 20ರ ಬೆಳಿಗ್ಗೆ ಎಣ್ಣೆ ಸ್ನಾನ ಮುಗಿಸಿ, ಹತ್ತು ದಿನದ ವರದಿ ಓದಿ, ಮನಸ್ಸಿಗೆ ಬಂದರೆ ಕೊಳ್ಳಿ. ಸ್ಕ್ವಾಡಿಗೆ ಜನ ಬೇಕಾದರೆ ನಾವಿದ್ದೇವೆ. ಮೆಡಿಕ್ ನಾವೇ ಆಗುತ್ತೇವೆ, ಹೆಲಿಕಾಪ್ಟರ್ ಮಾತ್ರ ನಮ್ಮ ಕೈಗೆ ಕೊಡಬೇಡಿ.

ಇಂತಿ,
ವೇಕ್ ಐಲ್ಯಾಂಡಿನಲ್ಲಿ ಮುಳುಗಿದ ಕೆಲವರು

(ಓದಿದ ಮೇಲೆ ರಸ್ತೆಯಲ್ಲಿ ಬಿಸಾಡಬೇಡಿ, ಇನ್ನೊಬ್ಬರ ಕೈಗೆ ಕೊಡಿ.)